ಚೊಗರು

ನಮ್ಮ ಜಿಲ್ಲೆಯವರಿಗೆ ನೀರಿನ ವಿಷಯದಲ್ಲಿ ಬಾಯಿ ಸ್ವಲ್ಪ ಜೋರು. ಮಳೆ ಕಡಿಮೆಯಾದಷ್ಟೂ ಹೆಸರು ದೊಡ್ಡದಾಗುತ್ತದೆ. ಕೆರೆ ಕಟ್ಟಿದರೆ ಸಾಗರ ಅನ್ನುತ್ತೇವೆ. ಧೈರ್ಯ ಇನ್ನೊಂದಿಷ್ಟು ಬಂದರೆ ಸಮುದ್ರವೇ ಅಂದುಬಿಡುತ್ತೇವೆ. ಹೆದ್ದಾರಿಯ ಮೇಲೆ ಭರಮಸಾಗರ, ಹಿರಿಯೂರಿನ ಹತ್ತಿರ ವಾಣಿವಿಲಾಸ ಸಾಗರ, ಇತ್ತ ನಮ್ಮೂರು ಭೀಮಸಮುದ್ರ. ಮಂಗಳೂರಿನವರು ಕೇಳಿದರೆ ನಕ್ಕಾರು. ನಗಲಿ. ಏರಿಯ ಮೇಲೆ ನಿಂತು ಒಂದು ಕಡೆ ನೀರು, ಇನ್ನೊಂದು ಕಡೆ ಕಣ್ಣು ಹಾಯುವಷ್ಟು ಅಡಿಕೆ ತೋಟ ನೋಡಿಕೊಂಡು ಬೆಳೆದ ಹುಡುಗನಿಗೆ ಅದು ಸಮುದ್ರವಲ್ಲದೆ ಮತ್ತೇನು? ಹದಿನಾರು ವರ್ಷ ತುಂಬುವ ತನಕ ನನಗಂತೂ ಅನುಮಾನ ಬಂದಿರಲಿಲ್ಲ.

ಅನುಮಾನ ಬಂದದ್ದು 1986ರ ಜುಲೈನಲ್ಲಿ, ದಾವಣಗೆರೆಯ ಒಂದು ಹಾಸ್ಟೆಲ್ಲಿನ ಬಚ್ಚಲ ತೊಟ್ಟಿಯೊಳಗೆ ಬೋರಲು ಬಿದ್ದು ಈಜುತ್ತಿದ್ದಾಗ. ತೊಟ್ಟಿಯಲ್ಲಿ ನೀರಿರಲಿಲ್ಲ.

ಅಲ್ಲಿಯವರೆಗೆ ಹೇಗೆ ಬಂದೆ ಎನ್ನುವುದನ್ನು ಮೊದಲು ಹೇಳಬೇಕು. ನಮ್ಮೂರು ಎಂದರೆ ಅಡಿಕೆ. ಪೇಪರಿನ ಮಾರುಕಟ್ಟೆ ಧಾರಣೆಯಲ್ಲಿ ರಾಶಿ, ಬೆಟ್ಟೆ, ಅಪಿ, ಕೆಂಪುಗೋಟು ಎಂದು ಸಣ್ಣ ಅಕ್ಷರದಲ್ಲಿ ಬರುತ್ತದಲ್ಲ, ನಮ್ಮೂರಿನ ಹಿರಿಯರು ಪೇಪರು ಬಿಡಿಸಿದರೆ ಮೊದಲು ನೋಡುವುದು ಅದನ್ನು. ರಾಜಕೀಯವೆಲ್ಲ ಆಮೇಲೆ. ಅಡಿಕೆಯ ಊರಿನಲ್ಲಿ ಎಲ್ಲರಿಗೂ ತೋಟವಿರುತ್ತದೆಂದು ಹೊರಗಿನವರು ತಿಳಿಯುತ್ತಾರೆ. ನಮಗಿರಲಿಲ್ಲ. ಖೇಣಿದಾರರು ಇಡೀ ತೋಟದ ಫಸಲನ್ನು ಹಿಡಿದು, ಕೊಯ್ಲು ಮಾಡಿಸಿ, ಖೇಣಿ ಮನೆಗೆ ತಂದು ಸುಲಿಸುತ್ತಾರೆ, ಬೇಯಿಸುತ್ತಾರೆ, ಒಣಗಿಸುತ್ತಾರೆ. ನಮ್ಮಪ್ಪ ಬೇಯಿಸುವವನು. ಸುಗ್ಗಿ ಶುರುವಾದರೆ ಮುಗಿಯುವ ತನಕ ದೊಡ್ಡ ಹಂಡೆಯ ಮುಂದೆ ಅವನ ವಾಸ. ಅಂಗೈಯಿಂದ ಮೊಣಕೈವರೆಗೆ ಕೆಂಗಂದು ಬಣ್ಣ. ಸುಗ್ಗಿ ಮುಗಿದು ಆರು ತಿಂಗಳಾದರೂ ಉಗುರ ಸಂದಿಯಲ್ಲಿ ಆ ಬಣ್ಣ ಉಳಿದಿರುತ್ತಿತ್ತು. ಯಾವ ಸೋಪಿಗೂ ಅದು ಹೆದರುತ್ತಿರಲಿಲ್ಲ.

ಎಸ್ಸೆಸ್ಸೆಲ್ಸಿಯಲ್ಲಿ ನನಗೆ ಫಸ್ಟ್ ಕ್ಲಾಸ್ ಬಂತು. ಅವ್ವ ಅತ್ತಳು; ಸಂತೋಷಕ್ಕಲ್ಲ, ಹುಡುಗ ಇನ್ನು ಊರಲ್ಲಿರುವುದಿಲ್ಲ ಎಂದು. ನಮ್ಮ ಹೈಸ್ಕೂಲಿನ ಮೇಷ್ಟ್ರೊಬ್ಬರು ಮನೆಗೆ ಬಂದು ಕಟ್ಟೆಯ ಮೇಲೆ ಕೂತು, ದಾವಣಗೆರೆಗೆ ಕಳಿಸಿ, ಸರ್ಕಾರದ ಹಾಸ್ಟೆಲ್ಲಿದೆ, ಅರ್ಜಿ ನಾನು ಬರೆದುಕೊಡುತ್ತೇನೆ ಎಂದರು. ಅಪ್ಪ ಅನುಮಾನದಿಂದ, “ಊಟಕ್ಕೆ ದುಡ್ಡು ಕೇಳಲ್ವಾ ಸಾ?” ಎಂದ. ಮೇಷ್ಟ್ರು ನಕ್ಕು ತಮ್ಮ ಕಥೆ ಶುರುಮಾಡಿದರು. ಅವರು ವಾರಾನ್ನ ಉಂಡು ಓದಿದವರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರದು. ಗುರುವಾರದ ಮನೆಯವರು ಊರಿಗೆ ಹೋದರೆ ಆ ಗುರುವಾರ ಉಪವಾಸ. “ಗಣಿತ ಕಲಿತಿದ್ದು ಶಾಲೇಲಿ ಅಲ್ಲಪ್ಪ, ಯಾರ ಮನೇಲಿ ಎಷ್ಟು ಹೊತ್ತಿಗೆ ಹೋದ್ರೆ ಎರಡನೇ ಸಲ ಬಡಿಸ್ತಾರೆ ಅನ್ನೋ ಲೆಕ್ಕದಲ್ಲಿ,” ಎಂದರು. ನಾವೆಲ್ಲ ನಕ್ಕೆವು. ಅವರು ನಗಲಿಲ್ಲ.

ಆ ವಾರಾನ್ನದ ಎಲೆಯಿಂದ ಹಾಸ್ಟೆಲ್ಲಿನ ತಟ್ಟೆಗೆ ಬರಲು ಈ ನಾಡು ಎಷ್ಟು ದೂರ ನಡೆಯಿತು ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ನಮ್ಮ ಚಿತ್ರದುರ್ಗದ ಮುರುಘಾಮಠದ ಜಯದೇವ ಜಗದ್ಗುರುಗಳು ಊರೂರಿನಲ್ಲಿ ಉಚಿತ ವಿದ್ಯಾರ್ಥಿನಿಲಯ ತೆರೆಸಿದರು. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಹಳ್ಳಿ ಹಳ್ಳಿ ತಿರುಗಿ ದವಸ ತಂದು ಮಕ್ಕಳ ಹೊಟ್ಟೆ ತುಂಬಿಸಿದರು. ಮೈಸೂರಿನಲ್ಲಿ ಸುತ್ತೂರಿನ ರಾಜೇಂದ್ರ ಸ್ವಾಮಿಗಳು ಹುಡುಗರ ಊಟಕ್ಕೆ ಕೊರತೆ ಬಿದ್ದಾಗ ತಮ್ಮ ಚಿನ್ನದ ಕರಡಿಗೆಯನ್ನೇ ಕೊಟ್ಟುಬಿಟ್ಟರೆಂದು ಆ ಕಡೆಯವರು ಇಂದಿಗೂ ಹೇಳುತ್ತಾರೆ. ಮಠವಿಲ್ಲದವರಿಗೆ ಸಂಘ ಬಂತು. 1906ರಲ್ಲಿ ಹುಟ್ಟಿದ ಒಕ್ಕಲಿಗರ ಸಂಘದಂಥವು ತಮ್ಮ ತಮ್ಮ ಹುಡುಗರಿಗೆ ಸೂರು ಮಾಡಿದವು. ಮಠವೂ ಸಂಘವೂ ಬಾಗಿಲು ತೆರೆಯದವರಿಗೆ ಬೆಂಗಳೂರಿನಲ್ಲಿ ಗೋಪಾಲಸ್ವಾಮಿ ಅಯ್ಯರ್ ಅವರ ಹೆಸರಿನ ಹಾಸ್ಟೆಲ್ಲಿತ್ತು. ಕವಿ ಸಿದ್ಧಲಿಂಗಯ್ಯ ಅಲ್ಲಿನ ದಿನಗಳನ್ನು ‘ಊರುಕೇರಿ’ಯಲ್ಲಿ ಬರೆದಿದ್ದಾರೆ. ಒಟ್ಟಿನಲ್ಲಿ ಬಹಳ ಕಾಲ ಜಾತಿಗೊಂದು ಚೀಲ, ಚೀಲಕ್ಕೊಂದು ಹಾಸ್ಟೆಲ್ಲು. 1972ರಲ್ಲಿ ದೇವರಾಜ ಅರಸರು ಮುಖ್ಯಮಂತ್ರಿಯಾದರು, ಎಲ್.ಜಿ. ಹಾವನೂರರ ಆಯೋಗ 1975ರಲ್ಲಿ ವರದಿ ಕೊಟ್ಟಿತು, ಹಿಂದುಳಿದವರ ಓದು ಸರ್ಕಾರದ ತಲೆನೋವೂ ಆಯಿತು. ಆಮೇಲೆಯೇ ನನ್ನಂಥವನ ಅಪ್ಪ ಮಠದ ಮುಖ ನೋಡದೆ, ಸಂಘದ ಚೀಟಿ ಹಿಡಿಯದೆ, ಬರೀ ಒಂದು ಆದಾಯದ ಸರ್ಟಿಫಿಕೇಟು ಹಿಡಿದುಕೊಂಡು ಬಸ್ಸು ಹತ್ತುವಂತಾದದ್ದು.

ಬಸ್ಸು ಹತ್ತಿದೆವು. ನನ್ನ ಕೈಯಲ್ಲಿ ಹಸಿರು ಬಣ್ಣದ ತಗಡಿನ ಟ್ರಂಕು, ಅಪ್ಪನ ಹೆಗಲ ಮೇಲೆ ಸುತ್ತಿದ ಚಳ್ಳಕೆರೆ ಕಂಬಳಿ. ಟ್ರಂಕಿನೊಳಗೆ ಎರಡು ಜೊತೆ ಬಟ್ಟೆ, ಶೇಂಗಾ ಚಟ್ನಿಪುಡಿಯ ಡಬ್ಬಿ, ಅವ್ವ ಜಾತ್ರೆಯಲ್ಲಿ ಹೆಸರು ಕೆತ್ತಿಸಿ ತಂದಿದ್ದ ಸ್ಟೀಲ್ ತಟ್ಟೆ, ಲೋಟ. ಕೆತ್ತುವವನು ಮೊಳೆಯಿಂದ ಚುಕ್ಕಿ ಚುಕ್ಕಿಯಾಗಿ ಬರೆದಿದ್ದ ನನ್ನ ಹೆಸರಿನಲ್ಲಿ ಒಂದು ಒತ್ತಕ್ಷರ ಬಿಟ್ಟುಹೋಗಿತ್ತು. ಅವ್ವನಿಗೆ ಓದು ಬರುತ್ತಿರಲಿಲ್ಲ, ನಾನು ಹೇಳಲಿಲ್ಲ.

ಸಿರಿಗೆರೆ, ಭರಮಸಾಗರ ದಾಟಿ ದಾವಣಗೆರೆ ಮುಟ್ಟಿದೆವು. ಆಗ ಅದೂ ನಮ್ಮ ಚಿತ್ರದುರ್ಗ ಜಿಲ್ಲೆಯೇ. ಬೇರೆ ಜಿಲ್ಲೆಯಾದದ್ದು 1997ರ ಆಗಸ್ಟ್ 15ಕ್ಕೆ. ಜಿಲ್ಲೆ ಒಂದಾದರೂ ಭಾಷೆ ಎರಡು ಎಂಬುದು ಬಸ್‌ಸ್ಟ್ಯಾಂಡಿನಲ್ಲೇ ತಿಳಿಯಿತು. ನಮ್ಮಲ್ಲಿ ‘ಐತೆ’, ಇಲ್ಲಿ ‘ಐತಿ’. ನಮ್ಮಲ್ಲಿ ಮುದ್ದೆ, ಇಲ್ಲಿ ರೊಟ್ಟಿ. ಇನ್ನೊಂದು ವಿಚಿತ್ರವೆಂದರೆ ಈ ಊರಿನಲ್ಲಿ ಕಾಲೇಜುಗಳಿಗೆಲ್ಲ ಮೂರು ಮೂರು ಅಕ್ಷರದ ಹೆಸರು. ಡಿ.ಆರ್.ಎಂ., ಬಿ.ಡಿ.ಟಿ., ಜೆ.ಜೆ.ಎಂ. ಯಾರನ್ನು ಕೇಳಿದರೂ ದಾರಿ ಹೇಳುತ್ತಾರೆ, ಬಿಡಿಸಿ ಹೇಳಿ ಎಂದರೆ ಮುಖ ನೋಡುತ್ತಾರೆ. ಧರ್ಮರತ್ನಾಕರ ರಾಜನಹಳ್ಳಿ ಮದ್ದೂರಾಯಪ್ಪ, ಬ್ರಹ್ಮಪ್ಪ ದೇವೇಂದ್ರಪ್ಪ ತವನಪ್ಪನವರ, ಜಗದ್ಗುರು ಜಯದೇವ ಮುರುಘರಾಜೇಂದ್ರ. ಇಷ್ಟುದ್ದದ ಹೆಸರಿನವರು ಊರಿಗೆ ಕೊಟ್ಟ ಕಾಲೇಜುಗಳನ್ನು ಊರು ಸುಲಿದು ಮೂರಕ್ಷರದ ಬೀಜ ಮಾಡಿ ಬಾಯಿಗೆ ಹಾಕಿಕೊಂಡಿದೆ. ನನಗೆ ಡಿ.ಆರ್.ಎಂ.ನಲ್ಲಿ ಪಿಯುಸಿ ಸೈನ್ಸಿಗೆ ಸೀಟು ಸಿಕ್ಕಿತ್ತು.

ಹಾಸ್ಟೆಲ್ಲಿನ ಆಫೀಸಿನಲ್ಲಿ ಫಾರಂ ತುಂಬುವಾಗ ಒಂದು ಕೆಲಸ ಮಾಡಿದೆ. ಪೋಷಕರ ಸಹಿ ಎನ್ನುವಲ್ಲಿ ಅಪ್ಪ ಪೆನ್ನು ಹಿಡಿದು ಬಗ್ಗಿದ. ಪಕ್ಕದಲ್ಲಿ ಪ್ಯಾಂಟು ಹಾಕಿದ ಇನ್ನೊಬ್ಬ ಹುಡುಗನ ಅಪ್ಪ ನಿಂತಿದ್ದರು, ಅವರ ಕೈಗೆ ವಾಚಿತ್ತು. ಬಿಳಿ ಕಾಗದದ ಮೇಲೆ ಅಪ್ಪನ ಕಂದು ಉಗುರುಗಳು ಎದ್ದು ಕಾಣುತ್ತಿದ್ದವು. ನಾನು ಟ್ರಂಕು ಸರಿಸುವ ನೆಪ ಮಾಡಿ ಅವರಿಬ್ಬರ ನಡುವೆ ಅಡ್ಡ ನಿಂತೆ. ಅಪ್ಪನಿಗೆ ಗೊತ್ತಾಯಿತೋ ಇಲ್ಲವೋ ಕಾಣೆ. ಸಹಿ ಮಾಡಿದವನು ಎರಡೂ ಕೈಗಳನ್ನು ಅಂಗಿಯ ಜೇಬಿಗೆ ಹಾಕಿಕೊಂಡು, “ಹುಷಾರು ಕಣಪ್ಪ. ಕಂಬಳಿ ಬಿಸಿಲಿಗೆ ಹಾಕ್ತಿರು,” ಎಂದಷ್ಟೇ ಹೇಳಿ ಸಾಯಂಕಾಲದ ಬಸ್ಸಿಗೆ ಹೋದ.

ರೂಮಿಗೆ ಆರು ಜನ. ಮಂಚವಿಲ್ಲ, ಟ್ರಂಕಿನಿಂದ ಟ್ರಂಕಿಗೆ ಗಡಿ. ರಾತ್ರಿ ಊಟವಾದ ಮೇಲೆ ಸೀನಿಯರುಗಳು ಹೊಸಬರನ್ನು ಸಾಲಾಗಿ ನಿಲ್ಲಿಸಿಕೊಂಡರು. ಹೆಸರು ಯಾರೂ ಕೇಳಲಿಲ್ಲ. ಕೇಳಿದ್ದು ಊರು.

“ಭೀಮಸಮುದ್ರ,” ಎಂದೆ.

“ಸಮುದ್ರ? ಹಂಗಾರೆ ಈಜು ಬರ್ತೈತೇನ್ಲೇ?”

“ಬರುತ್ತೆ,” ಎಂದೆ. ಅದು ನಿಜ. ಅಲ್ಲೇ ತಪ್ಪಾದದ್ದು.

ಬಚ್ಚಲ ಮನೆಯಲ್ಲಿ ಉದ್ದಕ್ಕೆ ಒಂದು ಸಿಮೆಂಟಿನ ತೊಟ್ಟಿ. ಮೇಲಿನ ಟ್ಯಾಂಕಿನಿಂದ ನೀರು ಬಿಟ್ಟರೆ ಅದು ತುಂಬಬೇಕು, ನಾವು ಚೊಂಬು ಅದ್ದಿ ಸ್ನಾನ ಮಾಡಬೇಕು. ಆ ರಾತ್ರಿ ಅದರ ತಳದಲ್ಲಿ ಪಾಚಿಯೂ ಒಂದು ಸವೆದ ಲೈಫ್‌ಬಾಯ್ ತುಂಡೂ ಮಾತ್ರ ಇದ್ದವು. ಈಜಿದೆ. ಕೈಕಾಲು ಬಡಿದೆ. ಹುಡುಗರು ಬಿದ್ದು ಬಿದ್ದು ನಕ್ಕರು. ಹತ್ತಿ ಬರುವಾಗ, ಸಾಲಿನಲ್ಲಿ ನಿಂತಿದ್ದ ಹಿರಿಯೂರಿನ ಹುಡುಗ ಸುಮ್ಮನಿರಲಾರದೆ, “ಭೀಮಸಮುದ್ರ ಅಂದ್ರೆ ಬರೀ ಕೆರೆ ಸಾರ್. ದೊಡ್ಡದು ಅಂದ್ರೆ ನಮ್ಮ ವಾಣಿವಿಲಾಸ ಸಾಗರ,” ಎಂದುಬಿಟ್ಟ. ಪಾಪ, ಅವನಿಗೆ ಊರಭಿಮಾನ. ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡ ಕಟ್ಟಿದ್ದು, 1907ರಲ್ಲಿ ಮುಗಿದದ್ದು ಎಂದೆಲ್ಲ ಒಂದೇ ಉಸಿರಿನಲ್ಲಿ ಒಪ್ಪಿಸಿದ. ಒಬ್ಬ ಸೀನಿಯರು ತಣ್ಣಗೆ ಕೇಳಿದ: “ಅಷ್ಟು ದೊಡ್ಡದು, ಕೋಡಿ ಬಿದ್ದಿದ್ದು ಯಾವಾಗಲೇ?”

ಹಿರಿಯೂರಿನವನು ತಲೆ ತಗ್ಗಿಸಿ, “1933ರಲ್ಲಿ ಸಾರ್,” ಎಂದ.

ಆ ನಗು ಇಡೀ ಕಟ್ಟಡಕ್ಕೆ ಕೇಳಿರಬೇಕು. ಆ ರಾತ್ರಿಯೇ ನಾಮಕರಣವಾಯಿತು. ಎಂದೂ ತುಂಬದ ಮೇಲಿನ ಟ್ಯಾಂಕು ವಾಣಿವಿಲಾಸ, ಅದನ್ನು ನಂಬಿಕೊಂಡ ಕೆಳಗಿನ ತೊಟ್ಟಿ ಭೀಮಸಮುದ್ರ. ಬೆಳಿಗ್ಗೆ ಐದಕ್ಕೆ ಎದ್ದವನು ಉಳಿದವರಿಗೆ ವರದಿ ಕೊಡುತ್ತಿದ್ದ: “ವಾಣಿವಿಲಾಸ ಖಾಲಿ. ಭೀಮಸಮುದ್ರದಾಗ ನಾಕು ಚೊಂಬು ಐತಿ, ಬರ್ರಲೇ.” ನನ್ನ ಹೆಸರು ಕೂಡ ಅಂದೇ ಹೋಯಿತು. ಮೈಮೇಲೆ ಮೂಳೆ ಎಣಿಸುವಂತಿದ್ದ ನಾನು ಐದು ವರ್ಷ ‘ಭೀಮ’ನಾಗಿ ಬಾಳಿದೆ. ಇವತ್ತು ಇಂಥದ್ದಕ್ಕೆ ನಿಯಮವಿದೆ. 2009ರ ಯುಜಿಸಿ ನಿಯಮದ ಪ್ರಕಾರ ರ‍್ಯಾಗಿಂಗ್ ಮಾಡಿದವನು ಕಾಲೇಜಿನಿಂದಲೇ ಹೊರಗೆ ಹೋಗಬಹುದು. ಇರಬೇಕಾದದ್ದೇ. ನಾನು ನಕ್ಕು ಹೇಳುತ್ತಿರುವುದು ನನಗೆ ಈಜು ಬರುತ್ತಿತ್ತು ಎಂಬ ಕಾರಣಕ್ಕೆ. ಬರದವನೊಬ್ಬನ ಮಾತು ಮುಂದೆ ಬರುತ್ತದೆ.

ಎರಡನೆಯ ವಾರ ನನ್ನ ತಟ್ಟೆ ಕಳೆಯಿತು. ಊಟ ಮುಗಿಸಿ ತೊಳೆದಿಟ್ಟದ್ದು ಬೆಳಿಗ್ಗೆ ಇರಲಿಲ್ಲ. ಭಟ್ಟರ ಹತ್ತಿರ ಗೋಳಾಡಿದೆ. ಅವರು ಉಪ್ಪಿಟ್ಟು ತಿರುವುತ್ತ, ಮೂಲೆಯಲ್ಲಿದ್ದ ದಿಕ್ಕಿಲ್ಲದ ತಟ್ಟೆಗಳ ರಾಶಿಯತ್ತ ಸೌಟು ತೋರಿಸಿದರು. ನನಗೆ ಸಿಕ್ಕಿದ್ದರ ಅಂಚಿನಲ್ಲಿ ಚುಕ್ಕಿ ಅಕ್ಷರದಲ್ಲಿ ‘ಕೆ.ಎಚ್.ಬಿ. 1979’ ಎಂದಿತ್ತು. ಯಾರವನು, ಈಗ ಎಲ್ಲಿದ್ದಾನೆ, ಪಾಸಾದನೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಐದು ವರ್ಷ ಅವನ ತಟ್ಟೆಯಲ್ಲಿ ಉಂಡೆ. ಭಟ್ಟರ ಉಪ್ಪಿಟ್ಟು ಆ ತಟ್ಟೆಗೆ ಬಿದ್ದರೆ ಮಗುಚಿದರೂ ಬೀಳುತ್ತಿರಲಿಲ್ಲ. ಹುಡುಗರು ಅದನ್ನು ಕಾಂಕ್ರೀಟು ಎನ್ನುತ್ತಿದ್ದರು. ಮುದ್ದೆಯವರಿಗೂ ರೊಟ್ಟಿಯವರಿಗೂ ನಡುವೆ ದಿನವೂ ಜಗಳ. ಭಾನುವಾರ ರಾತ್ರಿ ಅಡುಗೆ ಇಲ್ಲದಾಗ ಮಾತ್ರ ಎರಡೂ ಪಂಗಡ ರಾಜಿಯಾಗಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿನ್ನಲು ಒಟ್ಟಿಗೆ ಹೋಗುತ್ತಿದ್ದವು. ಬೆಣ್ಣೆದೋಸೆ ಪರೀಕ್ಷೆಯ ಫಲಿತಾಂಶ ಬಂದ ದಿನ ಮಾತ್ರ.

ಇಷ್ಟರ ನಡುವೆ ಓದು ಯಾವಾಗ ಆಯಿತು ಎಂದು ಕೇಳಬಹುದು. ಕಾಲೇಜಿನಲ್ಲಿ ಪಾಠ ಇಂಗ್ಲಿಷಿನಲ್ಲಿ. ಮೊದಲ ತಿಂಗಳು ನನಗೆ ತಿಳಿದದ್ದು ಬೋರ್ಡಿನ ಮೇಲಿನ ಅಂಕಿಗಳು ಮಾತ್ರ. ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ. ಒಂದು ರಾತ್ರಿ, ನನ್ನನ್ನು ಈಜಿಸಿದ್ದ ಅದೇ ಸೀನಿಯರು, ಬಿ.ಎಸ್ಸಿ. ಓದುತ್ತಿದ್ದವನು, ಬಂದು, “ಭೀಮಾ, ಪುಸ್ತಕ ತಗೊಂಡು ಬಾರಲೇ,” ಎಂದ. ವರಾಂಡದಲ್ಲಿ ಕೂರಿಸಿಕೊಂಡು, ಅಡುಗೆಮನೆಯ ಇದ್ದಿಲು ತುಂಡಿನಿಂದ ನೆಲದ ಮೇಲೆ ಗೆರೆ ಎಳೆದು, ವೇಗ ಎಂದರೇನು, ವೇಗೋತ್ಕರ್ಷ ಎಂದರೇನು ಎಂದು ಹರಿಹರದ ಬಸ್ಸಿನ ಲೆಕ್ಕದಲ್ಲಿ ಹೇಳಿಕೊಟ್ಟ. ಅವನಿಗೂ ಹಿಂದೆ ಯಾರೋ ಹೀಗೇ ನೆಲದ ಮೇಲೆ ಹೇಳಿಕೊಟ್ಟಿದ್ದನಂತೆ. ಬಸ್ಸು ಕೂಡ ಅದೇ ಹರಿಹರದ್ದಂತೆ. ಅವನು ಕೊಟ್ಟ ಫಿಸಿಕ್ಸ್ ಪುಸ್ತಕದ ಅಂಚುಗಳಲ್ಲಿ ಮೂರು ಕೈಬರಹಗಳಿದ್ದವು. ಒಂದು ಕಡೆ ಒಬ್ಬ ಉತ್ತರ ಬರೆದಿದ್ದ, ಇನ್ನೊಬ್ಬ ‘ತಪ್ಪು’ ಎಂದಿದ್ದ, ಮೂರನೆಯವನು ‘ಸರಿಯೇ ಇದೆ, ನಿನ್ನದೇ ತಪ್ಪು’ ಎಂದಿದ್ದ. ಪಠ್ಯಕ್ಕಿಂತ ಆ ಜಗಳದಿಂದ ನಾನು ಹೆಚ್ಚು ಕಲಿತೆ.

ಕರೆಂಟು ಹೋದ ರಾತ್ರಿಗಳಲ್ಲಿ ತ.ರಾ.ಸು. ಬರುತ್ತಿದ್ದರು. ‘ದುರ್ಗಾಸ್ತಮಾನ’ 1982ರಲ್ಲಿ ಬಂದಿತ್ತು, 1985ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬರುವ ವೇಳೆಗೆ ತ.ರಾ.ಸು. ಇರಲಿಲ್ಲ. ಹಾಸ್ಟೆಲ್ಲಿನಲ್ಲಿ ಅದರ ಒಂದು ಪ್ರತಿ ಕೈಯಿಂದ ಕೈಗೆ ಓಡಾಡಿ ರಟ್ಟು ಕಳಚಿಕೊಂಡಿತ್ತು. ಲಾಟೀನು ನಡುವೆ ಇಟ್ಟು ಗಂಟಲು ಚೆನ್ನಾಗಿದ್ದವನು ಓದುತ್ತಿದ್ದ, ಉಳಿದವರು ಕಂಬಳಿ ಹೊದ್ದು ಕೇಳುವುದು. ಓದುತ್ತ ಓದುತ್ತ ಕೊನೆಗೆ ಬಂದರೆ ಪುಸ್ತಕದ ಕಡೆಯ ಹಾಳೆಗಳೇ ಇರಲಿಲ್ಲ. ಹೈದರಾಲಿಗೆ ಕೋಟೆ ಸೋತದ್ದು 1779ರಲ್ಲಿ ಎಂದು ಇತಿಹಾಸದ ಪರೀಕ್ಷೆಯಲ್ಲಿ ಬರೆದೆವು ನಿಜ. ನಮ್ಮ ಹಾಸ್ಟೆಲ್ಲಿನಲ್ಲಿ ಮಾತ್ರ ದುರ್ಗ ಬೀಳಲೇ ಇಲ್ಲ.

ಈಗ ಈಜು ಬರದವನ ಮಾತು. ಮೊಳಕಾಲ್ಮುರಿನ ಆಚೆ ಗಡಿಯ ಹಳ್ಳಿಯ ಹುಡುಗನೊಬ್ಬ ನಮ್ಮ ರೂಮಿನಲ್ಲಿದ್ದ. ಮನೆಮಾತು ತೆಲುಗು. ಅವನ ಕನ್ನಡದಲ್ಲಿ ತೆಲುಗು ಅಲ್ಲಲ್ಲಿ ಇಣುಕುತ್ತಿತ್ತು. ಅವನು ಬಾಯಿ ತೆರೆದರೆ ಸಾಕು, ಯಾರೋ ಒಬ್ಬರು ಅದನ್ನೇ ರಾಗವಾಗಿ ಎಳೆಯುವರು, ಉಳಿದವರು ನಗುವರು. ಚೆನ್ನಾಗಿ ಎಳೆಯುತ್ತಿದ್ದವರಲ್ಲಿ ನಾನೂ ಒಬ್ಬ. ‘ಐತೆ’ ಎಂದದ್ದಕ್ಕೆ ನನ್ನನ್ನು ನಕ್ಕವರ ಜೊತೆ ಸೇರಲು ನನಗೆ ಸಿಕ್ಕ ಸುಲಭದ ದಾರಿ ಅದು. ಅವನು ಮೊದಲು ಮಾತು ಕಡಿಮೆ ಮಾಡಿದ, ಆಮೇಲೆ ಊಟ. ಸೆಪ್ಟೆಂಬರಿನಲ್ಲಿ ಒಂದು ಬೆಳಿಗ್ಗೆ ಹಾಸಿಗೆ ಸುತ್ತಿದ. ಬಸ್‌ಸ್ಟ್ಯಾಂಡಿನವರೆಗೆ ಟ್ರಂಕಿನ ಒಂದು ಹಿಡಿ ಅವನು ಹಿಡಿದ, ಇನ್ನೊಂದು ನಾನು. ದಾರಿಯುದ್ದಕ್ಕೂ ಇಬ್ಬರೂ ಮಾತಾಡಲಿಲ್ಲ. ಬಸ್ಸು ಹೊರಟಾಗ ಕಿಟಕಿಯಿಂದ, “ವಸ್ತಾನು,” ಎಂದ, ತೆಲುಗಿನಲ್ಲೇ. ಬರುತ್ತೇನೆ ಎಂದು ಅದರ ಅರ್ಥ. ಬರಲಿಲ್ಲ.

ದಸರಾ ರಜೆಗೆ ಊರಿಗೆ ಹೋದಾಗ ಸುಗ್ಗಿ ಏರಿತ್ತು. ಖೇಣಿ ಮನೆಯ ಅಂಗಳದಲ್ಲಿ ಹೆಂಗಸರು ಎರಡು ಸಾಲು ಕೂತು ಹಸಿ ಅಡಿಕೆ ಸುಲಿಯುತ್ತಿದ್ದರು. ಕೂಲಿ ಅಳತೆಯ ಡಬ್ಬದ ಲೆಕ್ಕ, ಹಾಗಾಗಿ ಬಾಯಿ ಎಷ್ಟು ಮಾತಾಡಿದರೂ ಕೈ ನಿಲ್ಲುತ್ತಿರಲಿಲ್ಲ. ಒಳಗೆ ಹೊಗೆ. ಒಲೆಯ ಮೇಲೆ ಹಂಡೆ, ಹಂಡೆಯ ಮುಂದೆ ಅಪ್ಪ. ಕಪ್ಪುಗೆಂಪು ನೀರು ಕೊತಕೊತ ಕುದಿಯುತ್ತಿತ್ತು. ತೂತಿನ ಸೌಟಿನಿಂದ ಒಂದು ಅಡಿಕೆ ಎತ್ತಿ, ಕತ್ತರಿಸಿ, ಬೆಳಕಿಗೆ ಹಿಡಿದು ನೋಡಿ, ಮತ್ತ್ಯಾವುದನ್ನೂ ಕೇಳದೆ, ಒಂದು ಹಂಡೆ ಮುಗಿಯಿತು ಎಂದು ತೀರ್ಮಾನ ಮಾಡುವುದು ಅವನ ವಿದ್ಯೆ. ಬೆಂದದ್ದನ್ನು ಬಸಿದು ಬುಟ್ಟಿಗೆ ತೆಗೆದ. ಉಳಿದ ನೀರು ಹಂಡೆಯಲ್ಲೇ ಇತ್ತು. ಅದಕ್ಕೇ ಹೊಸ ಅಡಿಕೆ ಸುರಿದ.

ನಾನು ಎರಡು ತಿಂಗಳು ಕೆಮಿಸ್ಟ್ರಿ ಓದಿ ಬಂದವನು. ಟೆಸ್ಟ್‌ಟ್ಯೂಬನ್ನು ಪ್ರತಿ ಸಲವೂ ಶುದ್ಧ ನೀರಿನಲ್ಲಿ ತೊಳೆಯಬೇಕು ಎಂದು ಕಲಿತವನು. “ಅಪ್ಪ, ಒಂದೊಂದು ಸಲಕ್ಕೂ ಹೊಸ ನೀರು ಹಾಕಬಾರದಾ? ಇದು ಹಳೇದಲ್ವಾ?” ಎಂದೆ.

ಸುಲಿಯುತ್ತಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ಅಪ್ಪ ನಗಲಿಲ್ಲ. “ಹೊಸ ನೀರಲ್ಲಿ ಹಾಕಿದ್ರೂ ಬೇಯುತ್ತೆ,” ಎಂದ. “ಬಣ್ಣ ಎಲ್ಲಿಂದ ಬರುತ್ತೆ?”

ಸೌಟಿನಲ್ಲಿ ಎತ್ತಿ ತೋರಿಸಿದ. ಕಾಕಂಬಿಯಂತೆ ಜಿನುಗುತ್ತಿತ್ತು. ಅದು ಚೊಗರು. ಪ್ರತಿ ಹಂಡೆಯ ಅಡಿಕೆಯೂ ತನ್ನ ಒಗರನ್ನು ಸ್ವಲ್ಪ ಬಿಟ್ಟು ಹೋಗುತ್ತದೆ, ಹಿಂದಿನವು ಬಿಟ್ಟದ್ದನ್ನು ಹತ್ತಿಸಿಕೊಂಡು ಹೋಗುತ್ತದೆ. ವರ್ಷದ ಮೊದಲ ಹಂಡೆಗೆ ಹೋದ ವರ್ಷ ಎತ್ತಿಟ್ಟ ಗಟ್ಟಿ ಚೊಗರು ಬೇಕು. “ಇದ್ರಲ್ಲಿ ಹೋದ ವರ್ಷದ್ದೂ ಐತೆ, ಅದರ ಹಿಂದಿನದ್ದೂ ಐತೆ. ಮೊದಲನೇದು ಯಾರ ತೋಟದ್ದು ಅಂತ ಯಾರು ಲೆಕ್ಕ ಇಟ್ಟವ್ರೆ?” ಎಂದ. ಆಮೇಲೆ ಬೆಂಕಿ ಸರಿಮಾಡುತ್ತ, ನನಗೆ ಹೇಳಿದನೋ ಬೆಂಕಿಗೆ ಹೇಳಿದನೋ, “ತಳ ಹಿಡೀಬಾರದು ಅಷ್ಟೇ. ತಳ ಹಿಡಿದ ಚೊಗರಿಗೆ ಎಂಥ ಅಡಿಕೆ ಹಾಕಿದ್ರೂ ಕೆಟ್ಟೋಗುತ್ತೆ,” ಎಂದ.

ಮೊಳಕಾಲ್ಮುರಿನ ಬಸ್ಸು ಕಣ್ಣ ಮುಂದೆ ಬಂತು. ಏನೂ ಹೇಳಲಿಲ್ಲ. ರಜೆ ಮುಗಿಯುವ ತನಕ ಅಪ್ಪನ ಜೊತೆ ಹಂಡೆಗೆ ನಿಂತೆ.

ಹಾಸ್ಟೆಲ್ಲಿಗೆ ವಾಪಸು ಬಂದ ರಾತ್ರಿ ಹಿರಿಯೂರಿನವನು ನನ್ನ ಕೈ ನೋಡಿ, “ಏನೋ ಭೀಮ, ಮದರಂಗಿ ಹಚ್ಚಿಸ್ಕೊಂಡಿದೀಯ? ಮದುವೆ ಆಯ್ತಾ?” ಎಂದ. ಜೇಬಿಗೆ ಹೋಗುತ್ತಿದ್ದ ಕೈಯನ್ನು ಹೊರಗೆ ತೆಗೆದೆ. “ಚೊಗರು. ನಮ್ಮಪ್ಪ ಅಡಿಕೆ ಬೇಯಿಸ್ತಾನೆ,” ಎಂದೆ. ಅವನು, “ನಮ್ಮಪ್ಪ ಹತ್ತಿ ಮಿಲ್ಲಲ್ಲಿ ಮೂಟೆ ಹೊರ್ತಾನೆ,” ಎಂದು ಚಟ್ನಿಪುಡಿಯ ಡಬ್ಬಿಗೆ ಕೈ ಹಾಕಿದ. ಮಾತು ಅಲ್ಲಿಗೆ ಮುಗಿಯಿತು. ಎರಡು ತಿಂಗಳು ಒಂದೇ ರೂಮಿನಲ್ಲಿದ್ದರೂ ಇಬ್ಬರೂ ಅಪ್ಪಂದಿರನ್ನು ಬಚ್ಚಿಟ್ಟುಕೊಂಡಿದ್ದೆವು.

ಮುಂದಿನ ಜುಲೈನಲ್ಲಿ ಹೊಸಬರು ಬಂದಾಗ ತೊಟ್ಟಿಯಲ್ಲಿ ಈಜಿಸುವುದನ್ನು ನಾವು ನಿಲ್ಲಿಸಿದೆವು ಎಂದು ಬರೆದರೆ ಚೆನ್ನಾಗಿರುತ್ತಿತ್ತು. ನಿಲ್ಲಿಸಲಿಲ್ಲ. ಮಾತಿಗೆ ನಗುವುದು ಮಾತ್ರ ನಿಂತಿತು. ಅದೂ ನಮ್ಮ ರೂಮಿನಲ್ಲಷ್ಟೇ, ಅದೂ ಹಿರಿಯೂರಿನವನೂ ನಾನೂ ಇಬ್ಬರೂ ಇದ್ದ ಹೊತ್ತಿನಲ್ಲಿ. ಇದ್ದಿಲು ತುಂಡು ಹಿಡಿದು ವರಾಂಡದಲ್ಲಿ ಕೂರುವ ಸರದಿ ನನ್ನದೂ ಬಂತು. ಹರಿಹರದ ಬಸ್ಸನ್ನು ನಾನೂ ಓಡಿಸಿದೆ. 1991ರಲ್ಲಿ ಹಾಸ್ಟೆಲ್ಲು ಬಿಡುವಾಗ ಕೆ.ಎಚ್.ಬಿ. ತಟ್ಟೆಯನ್ನು ಭಟ್ಟರ ಮೂಲೆಯ ರಾಶಿಗೇ ಹಾಕಿ ಬಂದೆ. ಟ್ರಂಕು ಹೊತ್ತು ಇಳಿಯುವಾಗ ಬಚ್ಚಲಿನಿಂದ ಯಾರೋ ಕೂಗುತ್ತಿದ್ದರು, ಭೀಮಸಮುದ್ರ ಬತ್ತೈತಿ ಎಂದು.

2022ರ ಸೆಪ್ಟೆಂಬರಿನಲ್ಲಿ ಒಂದು ಬೆಳಿಗ್ಗೆ ಫೋನು ಬಂತು. ‘ಭೀಮಾ’ ಎಂಬ ದನಿ ಕೇಳಿಯೇ ಯಾರೆಂದು ಗೊತ್ತಾಯಿತು; ಆ ಹೆಸರಿನಲ್ಲಿ ಕರೆಯುವವರು ಈಗ ಬಹಳ ಜನ ಉಳಿದಿಲ್ಲ. “ಕೋಡಿ ಬಿತ್ತು ಕಣೋ!” ಎಂದು ಅರಚಿದ. ಐವತ್ತು ದಾಟಿದ ಮನುಷ್ಯ, ಮಗುವಿನ ಹಾಗೆ. ವಾಣಿವಿಲಾಸ ಸಾಗರ 89 ವರ್ಷಗಳ ಮೇಲೆ ತುಂಬಿ ಹರಿದಿತ್ತು. “ಆ ಸೀನಿಯರ್ ನಂಬರ್ ಐತೇನೋ? ಒಂದ್ಸಲ ಹೇಳ್ಬೇಕು ಅವನಿಗೆ,” ಎಂದ. 36 ವರ್ಷದ ಹಿಂದಿನ ಅವಮಾನಕ್ಕೆ ವೇದಾವತಿಯೇ ಉತ್ತರ ಕೊಟ್ಟಿದ್ದಳು. ನಂಬರ್ ನನ್ನ ಹತ್ತಿರವೂ ಇರಲಿಲ್ಲ.

ಅದೇ ವರ್ಷ ನನ್ನ ತಮ್ಮನ ಮಗ ಅದೇ ಹಾಸ್ಟೆಲ್ಲಿಗೆ ಸೇರಿದ್ದ. ದಸರಾ ಹತ್ತಿರ ಬಂದಾಗ ನೋಡಿಬರಲು ಹೋದೆ. ಬಣ್ಣ ಹೊಸದು, ಮಂಚ ಬಂದಿದೆ, ಕುಡಿಯುವ ನೀರಿಗೆ ಫಿಲ್ಟರು ಬಂದಿದೆ, ಸೂರಿನ ಮೇಲೆ ಕಪ್ಪು ಸಿಂಟೆಕ್ಸ್ ಟ್ಯಾಂಕುಗಳು ಸಾಲಾಗಿ ಕೂತಿವೆ. ಹುಡುಗರು ಫೋನಿನಲ್ಲಿ ಪಾಠ ನೋಡುತ್ತಾರೆ, ನೆಲದ ಮೇಲೆ ಇದ್ದಿಲಿನ ಗುರುತಿಲ್ಲ. ವರಾಂಡದಲ್ಲಿ ಅವನ ಜೊತೆ ನಿಂತಿದ್ದಾಗ ಮೇಲಿನಿಂದ ಯಾರೋ ಕೂಗಿದರು: “ಲೇ, ಮೋಟಾರ್ ಆಫ್ ಮಾಡ್ರಲೇ! ವಾಣಿವಿಲಾಸ ಕೋಡಿ ಬಿತ್ತು!” ಬಚ್ಚಲಿನ ಕಡೆಯಿಂದ ಇನ್ನೊಬ್ಬ ಉತ್ತರ ಕೊಟ್ಟ: “ಭೀಮಸಮುದ್ರಕ್ಕ ಇನ್ನೂ ಬಂದಿಲ್ಲಲೇ, ಬಿಡು!”

ಹುಡುಗ ನನ್ನ ಮುಖ ನೋಡಿದ. “ದೊಡ್ಡಪ್ಪ, ಆ ತೊಟ್ಟಿಗೆ ನಮ್ಮೂರ ಹೆಸರು ಯಾಕೆ ಅಂತ ಎಲ್ರನ್ನೂ ಕೇಳ್ದೆ. ಯಾರಿಗೂ ಗೊತ್ತಿಲ್ಲ. ಮೊದಲಿಂದಲೂ ಹಂಗೇ ಕರೀತಾರಂತೆ. ನನಗೂ ಅದಕ್ಕೇ ಭೀಮ ಅಂತಾರೆ.”

ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಲೆಕ್ಕ ಇಡುವುದು ಯಾರ ಕೆಲಸವೂ ಅಲ್ಲ.

“ಬೆಳಿಗ್ಗೆ ಐದಕ್ಕೆ ಮುಂಚೆ ಏಳು,” ಎಂದೆ. “ಆ ಸಮುದ್ರದಲ್ಲಿ ಆಮೇಲೆ ನಾಲ್ಕು ಚೊಂಬೂ ಇರಲ್ಲ.”

“ನಿಮಗೆ ಹೆಂಗೆ ಗೊತ್ತು?” ಎಂದ.